ನೀರುಕಾಗೆ ಎಲ್ಲಿ ಏಳುತ್ತದೆ?

ನಿನ್ನೆ ಮಳೆಯಲ್ಲಿ ನೆನೆದು ಬಂದ ಕೊಡೆಯನ್ನು ಒಣಗಲೆಂದು ಬಾಲ್ಕನಿಯಲ್ಲಿ ಬಿಚ್ಚಿಟ್ಟಿದ್ದೆ. ಎರಡು ಕಡ್ಡಿ ಮುರಿದಿವೆ, ಬಟ್ಟೆ ಒಂದು ಕಡೆ ಜೋತುಬಿದ್ದಿದೆ. ಕಾಫಿ ಲೋಟ ಹಿಡಿದು ಆ ಕಡೆ ಹೋದವಳಿಗೆ ಅದರ ಭಂಗಿ ನೋಡಿ ನಗು ತಡೆಯಲಾಗಲಿಲ್ಲ. ಥೇಟ್ ನೀರುಕಾಗೆ! ನೀವೂ ಆ ಹಕ್ಕಿಯನ್ನು ನೋಡಿರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ ಅಷ್ಟೆ. ಕೆರೆಯ ನಡುವೆ ಒಣಗಿದ ಕೊಂಬೆಯ ಮೇಲೆ ಕಪ್ಪಗೆ ಕೂತು, ಎರಡೂ ರೆಕ್ಕೆಗಳನ್ನು ಅಗಲಿಸಿಕೊಂಡು, ಗಂಟೆಗಟ್ಟಲೆ ಮಿಸುಕಾಡದೆ ಇರುತ್ತದೆ. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ. ಇದರದ್ದು ಪಾಪ, ನೆನೆಯುತ್ತದೆ. ನೆನೆದು ಭಾರವಾಗುವುದರಿಂದಲೇ ಸಲೀಸಾಗಿ ಮುಳುಗುತ್ತದೆ, ಮೀನು ಹಿಡಿಯುತ್ತದೆ, ಆಮೇಲೆ ಮೇಲೆ ಬಂದು ಒಣಗಲು ಕೂರುತ್ತದೆ. ಹೊಟ್ಟೆಪಾಡು ಎಂದಮೇಲೆ ಬಟ್ಟೆ ಒದ್ದೆಯಾಗದೆ ಇರುತ್ತದೆಯೇ?

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಮಾವ. ಮಂಡ್ಯದ ಕಡೆಯವರು, ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಈರುಳ್ಳಿ ತಿನ್ನಲು ಕೂಡ ಪಂಚಾಂಗ ನೋಡುತ್ತಿದ್ದ ಮನುಷ್ಯ. ಮೀನಿನ ವಾಸನೆ ಬಂದರೆ ಮೂಗಿಗೆ ಪಂಚೆಯ ಚುಂಗು ಹಿಡಿಯುವವರು ಮೀನು ಹಿಡಿಯುವ ಹಕ್ಕಿಗೆ ಮರುಳಾದದ್ದು ಹೇಗೆ ಎಂದರೆ, ಅದಕ್ಕೆ ಮದ್ರಾಸೇ ಹೊಣೆ. ಆಗಿನ್ನೂ ಊರು ಚೆನ್ನೈ ಎಂದು ಹೆಸರು ಬದಲಾಯಿಸಿಕೊಂಡು ಬಹಳ ದಿನವಾಗಿರಲಿಲ್ಲ, ನಮ್ಮ ಬಾಯಿಗೆ ಮದ್ರಾಸೇ ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಮದ್ರಾಸಿನ ಪಲ್ಲಾವರಂಗೆ ಬಂದೆವು. ನಮ್ಮ ಯಜಮಾನರಿಗೆ ಅಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆಗಿದ್ದರು. ಬರುವಾಗ ತಮ್ಮ ಹಳೇ ಸ್ಕೂಟರನ್ನು ರೈಲಿನಲ್ಲಿ ಹಾಕಿಸಿಕೊಂಡೇ ಬಂದರು. ಮಗಳು ಅನಘಾ ಎರಡನೇ ಕ್ಲಾಸಿನಲ್ಲಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವುದು, ಕರೆತರುವುದು ಮಾವನ ಕೆಲಸ. ಬರುವ ದಾರಿಯಲ್ಲಿ ಒಂದು ಕೆರೆ. ತಾತ ಮೊಮ್ಮಗಳು ಇಬ್ಬರೂ ಅದರ ದಂಡೆಯ ಕಲ್ಲಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಹಕ್ಕಿ ನೋಡುವುದನ್ನು ಕಲಿತರು. ಮಾವ ಶುಕ್ರವಾರದ ಸಂತೆಯಿಂದ ಒಂದು ಹಳೇ ದುರ್ಬೀನನ್ನೂ ಕೊಂಡು ತಂದರು. ಅದರ ಒಂದು ಕೊಳವೆಯಲ್ಲಿ ಮಾತ್ರ ಕಾಣುತ್ತಿತ್ತು, ಇನ್ನೊಂದರಲ್ಲಿ ಇರುವೆ ಮನೆ ಮಾಡಿತ್ತು.

ಭಾನುವಾರ ಸಂಜೆ ನಾನೂ ಹೋಗುತ್ತಿದ್ದೆ. ಯಜಮಾನರಿಗೆ ಭಾನುವಾರವೆಂದರೆ ಮಲಗುವ ವಾರ, ಅವರು ಬರುತ್ತಿರಲಿಲ್ಲ. ಅಲ್ಲಿ ಒಂದು ಆಟ ಶುರುವಾಯಿತು. ನೀರುಕಾಗೆ ಮುಳುಗಿದ ಕೂಡಲೇ ಅದು ಎಲ್ಲಿ ಏಳುತ್ತದೆ ಎಂದು ಪ್ರತಿಯೊಬ್ಬರೂ ಬೆರಳು ಮಾಡಿ ತೋರಿಸಬೇಕು. ಸೋತವರು ರಾತ್ರಿ ಎಲ್ಲರ ಊಟದ ಡಬ್ಬಿ ತೊಳೆಯಬೇಕು. ಕೇಳಲು ಸುಲಭ, ಆಡಿ ನೋಡಿ ಗೊತ್ತಾಗುತ್ತದೆ. ಈ ಹಕ್ಕಿ ಮುಳುಗುವ ಮುನ್ನ ಸಣ್ಣಗೊಂದು ಜಿಗಿತ ಜಿಗಿದು, ತಲೆ ಕೆಳಗೆ ಮಾಡಿ ಮಾಯವಾಗುತ್ತದೆ. ನೀರಿನ ಮೇಲೆ ಒಂದು ಉಂಗುರ ಉಳಿಯುತ್ತದೆ. ಆಮೇಲೆ ನೀವು ಉಸಿರು ಬಿಗಿಹಿಡಿದು ಕಾಯುತ್ತೀರಿ. ಇನ್ನು ಮುಗಿಯಿತು ಅದರ ಕತೆ ಅಂದುಕೊಳ್ಳುವ ಹೊತ್ತಿಗೆ ನೀವು ನೋಡುತ್ತಲೇ ಇಲ್ಲದ ಮೂಲೆಯಲ್ಲಿ ಒಂದು ಕತ್ತು ಮೇಲೆ ಬರುತ್ತದೆ, ಕೊಕ್ಕಿನಲ್ಲಿ ಮೀನು. ಅದನ್ನು ಮೇಲಕ್ಕೆಸೆದು, ತಲೆ ಮುಂದಾಗಿ ಬರುವಂತೆ ಹಿಡಿದು, ಒಂದೇ ಗುಟುಕಿಗೆ ನುಂಗುತ್ತದೆ. ಬಾಲದ ಕಡೆಯಿಂದ ನುಂಗಿದರೆ ಮೀನಿನ ಮುಳ್ಳು ಗಂಟಲಿಗೆ ಚುಚ್ಚುತ್ತದಂತೆ.

ಮಾವನದ್ದು ಒಂದು ಸಿದ್ಧಾಂತವಿತ್ತು. "ಮುಳುಗೋವಾಗ ಕತ್ತು ಯಾವ ಕಡೆ ವಾಲ್ತು ನೋಡ್ಕೋ ಸುಮಾ. ಎಡಕ್ಕೆ ವಾಲಿದ್ರೆ ಎಡಕ್ಕೇ ಏಳತ್ತೆ. ಬರೀ ಲೆಕ್ಕ ಕಣಮ್ಮಾ." ಮೊದಮೊದಲು ಈ ಲೆಕ್ಕದಲ್ಲಿ ಅವರು ಗೆದ್ದಷ್ಟೇ ಸೋಲುತ್ತಲೂ ಇದ್ದರು. ನಾನಂತೂ ಯಾವ ಲೆಕ್ಕದಲ್ಲೂ ಗೆದ್ದವಳಲ್ಲ. ಡಬ್ಬಿ ತೊಳೆದು ತೊಳೆದು ನನ್ನ ಕೈಗೆ ಪಾತ್ರೆ ಪುಡಿಯ ವಾಸನೆ ಕಾಯಂ ಆಗಿತ್ತು.

ಒಮ್ಮೆ ನಾವೆಲ್ಲ ಅಡ್ಯಾರ್ ಹೊಳೆ ಸಮುದ್ರ ಸೇರುವ ಕಡೆಗೂ ಹೋಗಿದ್ದೆವು. ಅಲ್ಲಿ ಬೆಳ್ಳಗಿನ ಸಣ್ಣ ಕಡಲಹಕ್ಕಿಗಳು ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತ ಆಕಾಶದಲ್ಲೇ ನಿಂತು, ಕೆಳಗೆ ನೋಡಿ ನೋಡಿ, ದೊಪ್ಪನೆ ನೀರಿಗೆ ಬೀಳುತ್ತಿದ್ದವು. ಬಹಳಷ್ಟು ಸಲ ಖಾಲಿ ಕೊಕ್ಕಿನಲ್ಲೇ ಏಳುತ್ತಿದ್ದವು. ಮಾವ ಅಲ್ಲೇ ಜಗತ್ತನ್ನು ಎರಡು ಭಾಗ ಮಾಡಿದರು. "ಇವು ಮದುವೆ ಮನೇಲಿ ಬಾಗಿಲಲ್ಲಿ ನಿಂತು ಎಲೆ ಖಾಲಿ ಆಗೋದನ್ನೇ ನೋಡ್ತಾ ಇದ್ದು ಹಾರಿ ಕೂರೋ ಪೈಕಿ. ನಮ್ಮ ನೀರುಕಾಗೆ ಮೊದಲನೇ ಪಂಕ್ತಿಲೇ ಸದ್ದಿಲ್ದೆ ಕೂತಿರೋ ಪೈಕಿ." ನನಗೆ ಎಲೆಕ್ಟ್ರಿಕ್ ಟ್ರೈನ್ ನೆನಪಾಯಿತು. ಪಲ್ಲಾವರಂನಲ್ಲಿ ಹತ್ತಿದರೆ ಸೀಟು ಸಿಗುವುದಿಲ್ಲವೆಂದು ನಾವು ಕೆಲವು ಹೆಂಗಸರು ಮೊದಲು ಉಲ್ಟಾ ದಿಕ್ಕಿಗೆ ತಾಂಬರಂ ತನಕ ಹೋಗಿ, ಅಲ್ಲಿ ಖಾಲಿ ಗಾಡಿಯಲ್ಲಿ ಸೀಟು ಹಿಡಿದು, ಮತ್ತೆ ಪಲ್ಲಾವರಂ ಮೇಲೇ ಹಾದು ಆಫೀಸಿಗೆ ಹೋಗುತ್ತಿದ್ದೆವು. ಇಲ್ಲಿ ಮುಳುಗಿ ಅಲ್ಲಿ ಏಳುವುದು ನನಗೂ ಬರುತ್ತಿತ್ತು ಎನ್ನಿ.

ಕೆರೆಯ ನಮ್ಮ ಕೂಟಕ್ಕೆ ವೇದಾ ಮಾಮಿ ಸೇರಿಕೊಂಡರು. ನಮ್ಮ ಪಕ್ಕದ ಮನೆಯವರು. ಅವರ ಮನೆತನ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ತಿಳಿಯದು. ಮನೆಯಲ್ಲಿ ಕನ್ನಡವನ್ನು ಪೂಜೆ ಪಾತ್ರೆಯ ಹಾಗೆ ಕಾಪಾಡಿಕೊಂಡಿದ್ದರು, ಆದರೆ ಅದರಲ್ಲಿ ತುಂಬಿದ್ದೆಲ್ಲ ತಮಿಳು. ಕಟ್ಟಾ ವೈಷ್ಣವರು. ಅವರು ಬರುತ್ತಿದ್ದದ್ದು ನೀರುಕಾಗೆಗಲ್ಲ, ಗರುಡ ದರ್ಶನಕ್ಕೆ. ಕೆಂಗಂದು ಮೈ, ಬಿಳೀ ಎದೆಯ ಒಂದು ಗರುಡ ಸಂಜೆ ಹೊತ್ತು ಆ ಕೆರೆಯ ಮೇಲೆ ಸುತ್ತು ಹಾಕುತ್ತಿತ್ತು. ಅದು ಕಂಡದ್ದೇ ತಡ, ಮಾಮಿ "ಗರುಡ! ಗರುಡ! ಸೇವಿಸಿಕೊಳ್ಳಿ!" ಎಂದು ಕೂಗುತ್ತಿದ್ದರು. ನಾವೆಲ್ಲ ಎದ್ದು ನಿಂತು, ಕೈಮುಗಿದು, ಕಣ್ಣುಮುಚ್ಚಿ, ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದೆವು. ಚಿಕ್ಕಂದಿನಿಂದ ಬಂದ ಅಭ್ಯಾಸ, ಕೈ ತಾನಾಗಿಯೇ ಮೇಲೇಳುತ್ತದೆ.

ವಿಚಿತ್ರವೆಂದರೆ, ಕಣ್ಣು ತೆರೆದು ನೋಡುವಷ್ಟರಲ್ಲಿ ಆಗಷ್ಟೇ ಮೀನು ಹಿಡಿದು ಎದ್ದಿದ್ದ ನೀರುಕಾಗೆಯ ಕೊಕ್ಕು ಖಾಲಿಯಾಗಿರುತ್ತಿತ್ತು. ಇಷ್ಟು ಬೇಗ ನುಂಗಿತೇ ಎಂದು ನಾವು ಬೆರಗಾಗುತ್ತಿದ್ದೆವು. ಕಣ್ಣು ಮುಚ್ಚದೆ ನಿಂತಿರುತ್ತಿದ್ದವಳು ಅನಘಾ ಒಬ್ಬಳೇ. ಒಂದು ದಿನ ಅವಳು "ಮಾಮಿ ಪಾಟ್ಟಿ, ಗರುಡನ್ ಮೀನ ಪುಡುಂಗಿಟ್ಟು ಪೋಯಿಡ್ಚು!" ಎಂದು ಕಿರುಚಿದಳು. ಗರುಡ ಮೀನನ್ನು ಕಿತ್ತುಕೊಂಡು ಹೋಯಿತಂತೆ! ಮಾಮಿ ಕೆನ್ನೆಗೆ ಮತ್ತೆರಡು ಬಡಿದುಕೊಂಡರು. "ಅಪಚಾರ, ಅಪಚಾರ! ಭಗವಂತನ ವಾಹನ ಕಿತ್ತುಕೊಳ್ಳತ್ತಾ ಮಗೂ? ಆ ಕಾಗೆಯೇ ಭಕ್ತಿಯಿಂದ ಸಮರ್ಪಣೆ ಮಾಡಿತು, ಅಷ್ಟೇ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾವು ಸುಮ್ಮನೆ ಆಡುವ ಮಾತು ಆ ಹಕ್ಕಿಗೆ ದಿನಚರಿ. ನಾವು ಮಾತ್ರ ಅದು ನಡೆಯುವಾಗಲೆಲ್ಲ ಭಕ್ತಿಯಿಂದ ಕಣ್ಣುಮುಚ್ಚಿ ನಿಂತಿರುತ್ತಿದ್ದೆವು.

ಎರಡನೇ ವರ್ಷದ ಹೊತ್ತಿಗೆ ಮಾವ ಆಟದಲ್ಲಿ ಸೋಲುವುದನ್ನೇ ಬಿಟ್ಟರು. ಕಲ್ಲಿನ ಮೇಲೆ ಮೊಮ್ಮಗಳ ಕೈ ಹಿಡಿದು ಕೂತು, ಹಕ್ಕಿ ಮುಳುಗಿದ ಕೂಡಲೇ ಬೆರಳು ಚಾಚುತ್ತಿದ್ದರು. ಅಲ್ಲೇ ಏಳುತ್ತಿತ್ತು! ನಾನು ದಂಗಾಗಿ ಹೋದೆ. ಕತ್ತಿನ ಸಿದ್ಧಾಂತವನ್ನು ಟ್ರೈನಿನಲ್ಲಿ ನನ್ನ ಗೆಳತಿಯರಿಗೆಲ್ಲ ವಿವರಿಸಿ ಹೇಳಿದೆ. ಹಕ್ಕಿಯನ್ನೇ ನೋಡದ ಒಬ್ಬರು ಅದನ್ನು ಬರೆದು ಪತ್ರಿಕೆಗೆ ಕಳಿಸಿ ಎಂದರು. ಪುಣ್ಯಕ್ಕೆ ನನ್ನ ಸೋಮಾರಿತನ ನನ್ನ ಮಾನ ಕಾಪಾಡಿತು.

ಆಮೇಲೊಂದು ಭಾನುವಾರ. ಮಾಮಿ ಇನ್ನೂ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು, ಮಾವನೇ ಎದ್ದುನಿಂತು "ಗರುಡ!" ಎಂದರು. ನಾವೆಲ್ಲ ಎದ್ದೆವು. ಕೈ ಮುಗಿದೆವು, ಕಣ್ಣು ಮುಚ್ಚಿದೆವು, ಕೆನ್ನೆ ಬಡಿದುಕೊಂಡೆವು. ಗರುಡನ ಕಡೆಯಿಂದ ಗುಂಯ್ ಎಂಬ ಸದ್ದು ಬಂತು. ಕಣ್ಣು ತೆರೆದರೆ ಮೀನಂಬಾಕ್ಕಂ ಕಡೆಗೆ ಇಳಿಯುತ್ತಿದ್ದ ವಿಮಾನ!

ಮಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ರಾಮಾ, ಏನ್ ಸಾರ್ ನೀವು! ಏರೋಪ್ಲೇನಿಗೆ ಕೆನ್ನೆ ಬಡಿಸಿಬಿಟ್ರಲ್ಲಾ!"

"ಇರ್ಲಿ ಬಿಡಿ ಮಾಮಿ, ಸ್ವಾಮಿಗೂ ಹೊಸ ವಾಹನ ಬೇಡ್ವಾ?" ಎಂದು ಮಾವನೂ ನಕ್ಕರು. ತಮಾಷೆ ಮಾಡಿದರೆಂದೇ ನಾನು ತಿಳಿದೆ. ಅನಘಾ ಮಾತ್ರ ನಗಲಿಲ್ಲ. ತಾತನ ಕೈ ಹಿಡಿದುಕೊಂಡು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು.

ಅಂದು ನಮ್ಮ ಬೀದಿಯನ್ನು ಚರಂಡಿಗಾಗಿ ಅಗೆದಿದ್ದರು. ಸ್ಕೂಟರ್ ನಿಧಾನವಾಗಿ ಹೋಗುತ್ತಿತ್ತು, ನಾನೂ ಮಾಮಿಯೂ ಅದರ ಹಿಂದೆಯೇ ನಡೆದು ಬರುತ್ತಿದ್ದೆವು. ಮುಂದೆ ನಿಂತಿದ್ದ ನನ್ನ ಮಗಳ ದನಿ ಕೇಳಿಸಿತು. "ತಾತಾ, ಪಳ್ಳಂ. ಇನ್ನೊಂದು ಪಳ್ಳಂ. ರೈಟ್‌ಲ ಸೈಕಲ್. ಈಗ ಹಾರ್ನ್. ತಾತಾ, ಆಟೋ, ಆಟೋ, ನಿಲ್ಲು!" ಸ್ಕೂಟರ್ ಗಕ್ಕನೆ ನಿಂತಿತು. ಆಟೋ ಹಾದುಹೋಯಿತು. "ಈಗ ಹೋಗು," ಎಂದಳು. ಸ್ಕೂಟರ್ ಹೊರಟಿತು.

ಗುಂಡಿಯನ್ನೂ ಆಟೋವನ್ನೂ ಅವಳು ಹೇಳಬೇಕಾದರೆ ಇವರಿಗೆ ಕಾಣುವುದಾದರೂ ಏನು? ದಿನಾ ಬೆಳಿಗ್ಗೆ ಹೆದ್ದಾರಿ ದಾಟಿ ಶಾಲೆಗೆ ಹೋಗುತ್ತಿದ್ದ ಆ ಸ್ಕೂಟರನ್ನು ಓಡಿಸುತ್ತಿದ್ದವರು ಯಾರು?

ಮನೆಗೆ ಹೋದವಳೇ ಸ್ಕೂಟರಿನ ಕೀಲಿಕೈ ಕೇಳಿದೆ. ಮಾವ ಕೊಟ್ಟರು. ಅನಘಾ ಅಳತೊಡಗಿದಳು. "ತಾತಾವುಕ್ಕು ದೂರದ್ದು ತೆರಿಯಾದು. ನಾನು ಹೇಳ್ತೀನಲ್ಲಾ ಅಮ್ಮಾ, ಎಲ್ಲಾ ನಾನ್ ಹೇಳ್ತೀನಲ್ಲಾ!" ದೂರದ್ದು ತಾತನಿಗೆ ಕಾಣದು ಎಂಬುದು ಅವಳಿಗೆ ಯಾವಾಗಲೋ ಗೊತ್ತಾಗಿತ್ತು. ಕೆರೆಯಲ್ಲಿ ತೇಲುತ್ತಿದ್ದ ತೆಂಗಿನ ಚಿಪ್ಪನ್ನು ತೋರಿಸಿ ಅವರು ನೀರುಕಾಗೆ ಎಂದಿದ್ದರಂತೆ. ಅಂದಿನಿಂದ ಆಟದಲ್ಲಿ ಎಡಕ್ಕಾದರೆ ಅವರ ಹೆಬ್ಬೆರಳನ್ನು, ಬಲಕ್ಕಾದರೆ ಕಿರುಬೆರಳನ್ನು ಒತ್ತುತ್ತಿದ್ದವಳು ಅವಳು. ಕೆರೆಯಿಂದ ಶುರುವಾದದ್ದು ರಸ್ತೆಗೂ ಬಂದಿತ್ತು.

"ಬೆಳಿಗ್ಗೆ ಹೊತ್ತು ಅಷ್ಟೇನೂ ತೊಂದರೆ ಇರಲಿಲ್ಲ ಕಣಮ್ಮಾ," ಎಂದರು ಮಾವ. ಆಮೇಲೆ ತಾವೇ ತಲೆ ಅಲ್ಲಾಡಿಸಿದರು. "ಇಲ್ಲ, ಸುಳ್ಳು. ತೊಂದರೆ ಇತ್ತು. ಹೇಳಿದ್ರೆ ಗಾಡಿ ಕಿತ್ಕೋತೀರಿ ಅಂತ ಹೇಳ್ಲಿಲ್ಲ. ಈ ಊರಲ್ಲಿ ಬಸ್ಸಿನ ಬೋರ್ಡು ಓದಕ್ಕೆ ಬರಲ್ಲ ನಂಗೆ. ಹತ್ತು ಜನರನ್ನ ಕೇಳ್ಬೇಕು, ಅವರು ಹೇಳಿದ್ದು ಅರ್ಥ ಆಗ್ಬೇಕು. ಸ್ಕೂಟರ್ ಮೇಲೆ ಕೂತ್ರೆ ಯಾರನ್ನೂ ಏನೂ ಕೇಳ್ಬೇಕಾಗಿರ್ಲಿಲ್ಲ. ಅದೂ ಹೋದ್ರೆ ನಾನಿಲ್ಲಿ ಏನು, ಸೋಫಾ ಪಕ್ಕದ ಸ್ಟೂಲು."

ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸೋಣ ಎಂದು ನಮ್ಮ ಯಜಮಾನರು ಹೇಳಿದರೆ ಮಾವ ಸುತರಾಂ ಒಪ್ಪಲಿಲ್ಲ. ಹಿಂದೆ ಅವರ ತಾಯಿಗೆ ಕಣ್ಣಿನ ಆಪರೇಷನ್ ಆಗಿ, ಇದ್ದ ಮಬ್ಬು ದೃಷ್ಟಿಯೂ ಹೋಗಿತ್ತಂತೆ. "ಮಂಜು ಮಂಜಾಗಾದ್ರೂ ಮಗು ಮುಖ ಕಾಣ್ತಿದೆ. ಅದನ್ನೂ ಕಳ್ಕೊಳ್ಲಾ?" ಎಂದುಬಿಟ್ಟರು.

ಕೀಲಿಕೈ ಸಾಸಿವೆ ಡಬ್ಬಿ ಸೇರಿತು. ಮಗಳು ಶಾಲೆಗೆ ಆಟೋದಲ್ಲಿ ಹೋಗತೊಡಗಿದಳು. ಮಾವ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಕೆರೆಗೆ ಕರೆದರೆ ಮಂಡಿನೋವು ಎನ್ನುತ್ತಿದ್ದರು. ಸಿದ್ಧಾಂತಗಳು ನಿಂತುಹೋದವು. ಊಟಕ್ಕೆ ಕರೆದರೆ ಬರುತ್ತಿದ್ದರು, ಬಡಿಸಿದ್ದನ್ನು ತಿನ್ನುತ್ತಿದ್ದರು, ಉಪ್ಪು ಕಮ್ಮಿ ಎಂದು ಕೂಡ ಹೇಳುತ್ತಿರಲಿಲ್ಲ. ನನ್ನ ಅಡುಗೆಗೆ ತಕರಾರೇ ಇಲ್ಲದ ಆ ದಿನಗಳು ನಿಜವಾಗಿ ನನಗೆ ಸಂಕಟ ತಂದವು. ಮಗುವಿನ ವಿಷಯದಲ್ಲಿ ನಾನು ಮಾಡಿದ್ದು ಸರಿ ಎಂದು ಗೊತ್ತಿತ್ತು, ಆದರೂ ಸಾಸಿವೆ ಡಬ್ಬಿ ಮುಚ್ಚಳ ತೆಗೆಯುವಾಗಲೆಲ್ಲ ಕಣ್ಣು ತುಂಬಿಕೊಳ್ಳುತ್ತಿತ್ತು. ಒಗ್ಗರಣೆ ಹೊಗೆ ಎಂದು ನೆಪ ಹೇಳಿಕೊಳ್ಳುತ್ತಿದ್ದೆ.

ಗಂಟು ಬಿಡಿಸಿದವರು ವೇದಾ ಮಾಮಿ. ಒಂದು ಸಂಜೆ ತಟ್ಟೆಯಲ್ಲಿ ನಮ್ಮ ಕಡಲೆ ಉಸಲಿಯಂಥ ಸುಂಡಲ್ ಹಿಡಿದು ಬಂದು ಮಾವನ ಎದುರು ಕೂತರು.

"ಸಾರ್, ನನ್ನ ಎರಡು ಕಣ್ಣೂ ಆಪರೇಷನ್ ಆದದ್ದೇ. ಪಾರುಂಗೋ, ನೋಡಿ, ಸೂಜಿಗೆ ದಾರ ಏರಿಸ್ತೀನಿ. ನಿಮ್ಮ ಅಮ್ಮನ ಕಾಲ ಬೇರೆ, ಈಗ ಬೇರೆ. ಬಯಪಡಬೇಡಿ."

"ಬೇಡ ಮಾಮಿ. ಕಂಡಷ್ಟು ಸಾಕು."

"ಸಾಕಾ? ಶರಿ. ಅವತ್ತು ಏರೋಪ್ಲೇನ್ ನೋಡಿ ಗರುಡ ಅಂದ್ರಿ, ಪರವಾಗಿಲ್ಲ, ಪುಣ್ಯವೇ ಬಂತು ಅಂದ್ಕೊಳ್ಳೋಣ. ನಾಳೆ ನಿಜವಾದ ಗರುಡನೇ ಎದುರಿಗೆ ಬಂದು ನಿಂತಾಗ, ಇದು ಏರೋಪ್ಲೇನ್ ಅಂದ್ಕೊಂಡು ಕಾಲು ಚಾಚ್ಕೊಂಡು ಕೂತಿದ್ರೆ ಏನ್ ಗತಿ?"

ಮಾವನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ನಗುತ್ತಿದ್ದರು. ಸುಂಡಲ್ ಬಾಯಿಗೆ ಹಾಕಿಕೊಂಡು, "ಇದಕ್ಕೆ ಉಪ್ಪು ಕಮ್ಮಿ," ಎಂದರು. ಮರುವಾರವೇ ನುಂಗಂಬಾಕ್ಕಂನ ಒಂದು ಕಣ್ಣಾಸ್ಪತ್ರೆಗೆ ಹೊರಟೆವು.

ಒಂದು ಕಣ್ಣಾಯಿತು, ಕೆಲವು ತಿಂಗಳ ಮೇಲೆ ಇನ್ನೊಂದೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮಾವ ಮನೆಯನ್ನೆಲ್ಲ ಹೊಸದಾಗಿ ನೋಡಿದರು. ಫ್ಯಾನಿನ ಮೇಲಿನ ಜೇಡರ ಬಲೆ, ಗ್ಯಾಸ್ ಒಲೆಯ ಹಿಂದಿನ ಜಿಡ್ಡು, ನನ್ನ ತಲೆಯ ಬಿಳಿಕೂದಲು, ಒಂದನ್ನೂ ಬಿಡದೆ ವರದಿ ಮಾಡಿದರು. ಇದಕ್ಕಾ ಇಷ್ಟು ಕಷ್ಟಪಟ್ಟು ಕಣ್ಣು ಬರಿಸಿದ್ದು ಎಂದು ನನಗೇ ಅನ್ನಿಸಿತು.

ಡಾಕ್ಟರ ಅಪ್ಪಣೆ ಸಿಕ್ಕ ಮೊದಲ ಭಾನುವಾರ ನಾವೆಲ್ಲ ನಡೆದುಕೊಂಡೇ ಕೆರೆಗೆ ಹೋದೆವು. ಹತ್ತಿರದ ಕೊಂಬೆಯ ಮೇಲೆ ದೊಡ್ಡದೊಂದು ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು. ಮಾವ ಆ ಅರ್ಧ ದುರ್ಬೀನಿನಲ್ಲಿ ಅದನ್ನು ನೋಡಿದವರು ಹಾಗೇ ನಿಂತರು. "ಇದರ ಕಣ್ಣು ಹಸಿರು ಕಣೇ ಸುಮಾ! ಹಸಿರು! ಇಷ್ಟು ದಿನ ಯಾಕೆ ಯಾರೂ ಹೇಳ್ಲಿಲ್ಲ ನಂಗೆ?" ಎಂದರು. ನಾವ್ಯಾರೂ ನೋಡಿರಲೇ ಇಲ್ಲ.

ಆಟವಾಯಿತು. ಮಾವ ತಮ್ಮದೇ ಕಣ್ಣಿನಿಂದ, ತಮ್ಮದೇ ಕತ್ತಿನ ಸಿದ್ಧಾಂತದ ಪ್ರಕಾರ ಬೆರಳು ಚಾಚಿದರು, ಹೀನಾಯವಾಗಿ ಸೋತರು. ಎಡಕ್ಕೆ ವಾಲಿದ ಹಕ್ಕಿ ಬಲಕ್ಕೆ ಎದ್ದಿತು, ಬಲಕ್ಕೆ ವಾಲಿದ್ದು ನಮ್ಮ ಕಾಲ ಬುಡದಲ್ಲೇ ಎದ್ದಿತು. ಗೆದ್ದವಳು ಅನಘಾ. ಹೇಗೆ ಎಂದರೆ ಅವಳು ದಡದ ಬೆಳ್ಳಕ್ಕಿಗಳನ್ನು ತೋರಿಸಿದಳು. ನೀರುಕಾಗೆಗಳು ಒಳಗೆ ಮೀನನ್ನು ಅಟ್ಟುತ್ತ ಹೋದರೆ ಬೆಳ್ಳಕ್ಕಿಗಳು ದಡದಲ್ಲಿ ಆ ಕಡೆಗೇ ಓಡುತ್ತವೆ, ಗಾಬರಿಯಲ್ಲಿ ಮೇಲೆ ಬಂದ ಮೀನನ್ನು ಹೆಕ್ಕಲು. ಬೆಳ್ಳಕ್ಕಿ ಎಲ್ಲಿಗೆ ಓಡಿತೋ ನೀರುಕಾಗೆ ಅಲ್ಲೇ ಏಳುತ್ತದೆ. ನಾವೆಲ್ಲ ನೀರು ನೋಡುತ್ತಿದ್ದಾಗ ಅವಳು ದಡ ನೋಡುತ್ತಿದ್ದಳು. ಕತ್ತಿನ ಲೆಕ್ಕ ಬರೀ ಬುರುಡೆ ಎಂದು ಅಂದೇ ತೀರ್ಮಾನವಾಯಿತು. ಟ್ರೈನಿನ ಗೆಳತಿಯರಿಗೆ ನಾನಿನ್ನೂ ಅದನ್ನು ತಿಳಿಸಿಲ್ಲ.

ಅಷ್ಟರಲ್ಲಿ ಮಾಮಿ ಗರುಡನನ್ನು ಕಂಡು ಕೂಗಿದರು. ಮಾವ ಕೈಮುಗಿದರು, ಆದರೆ ಕಣ್ಣು ಮುಚ್ಚಲಿಲ್ಲ. ಅಷ್ಟು ದುಡ್ಡು ಕೊಟ್ಟು ತೆರೆಸಿದ ಕಣ್ಣನ್ನು ಮುಚ್ಚಲು ಮನಸ್ಸು ಬರಲಿಲ್ಲವಂತೆ. "ಮಾಮೀ, ಸಮರ್ಪಣೆ ಅಲ್ಲ ರೀ! ಹಾಡುಹಗಲ ದರೋಡೆ!" ಎಂದು ಅವರು ಕೂಗಿದ್ದಕ್ಕೆ ಮಾಮಿ ಎರಡು ದಿನ ಮಾತು ಬಿಟ್ಟರು.

ಸಾಸಿವೆ ಡಬ್ಬಿಯಿಂದ ಕೀಲಿಕೈ ತೆಗೆದು ಕೊಟ್ಟದ್ದು ಅದಾದ ಮೇಲೆ. ಮಾವ ಮೊದಲು ಒಬ್ಬರೇ ಬೀದಿಯಲ್ಲಿ ಓಡಿಸಿ ತೋರಿಸಿದರು. ನಮ್ಮ ಯಜಮಾನರು ಹಿಂದೆ ಕೂತು ಹೆದ್ದಾರಿಯ ತನಕ ಹೋಗಿ ಬಂದು, ಭಯವಿಲ್ಲ ಎಂದರು. ಸೋಮವಾರ ಬೆಳಿಗ್ಗೆ ಅನಘಾ ಶಾಲೆ ಚೀಲ ಹೆಗಲಿಗೇರಿಸಿ ಹೊರಬಂದಳು. ಮಾವ ಎಂದಿನಂತೆ ಕಾಲು ಸರಿಸಿ ಮುಂದೆ ಜಾಗ ಮಾಡಿದರು. ಅವಳು ಅದನ್ನು ದಾಟಿ ಹಿಂದೆ ಹೋಗಿ, ಸೀಟು ಹತ್ತಿ, ಅವರ ಬೆನ್ನಿಗೆ ಕೆನ್ನೆ ಆನಿಸಿ ಕೂತಳು.

"ಯಾಕೆ ಪುಟ್ಟೀ, ಮುಂದೆ ನಿಂತ್ಕೊಳ್ಳಲ್ವಾ?" ಎಂದೆ.

ಅಪರೂಪಕ್ಕೆ ಅವಳು, ಒಂದು ಪದ ಬಿಟ್ಟರೆ, ಕನ್ನಡದಲ್ಲೇ ಉತ್ತರ ಕೊಟ್ಟಳು. "ಬೇಡ ಅಮ್ಮಾ. ಮುಂದೆ ನಿಂತ್ರೆ ರೊಂಬ ಕೆಲಸ."

ಸ್ಕೂಟರ್ ಹೊರಟಾಗ ಅವಳು ಆಗಲೇ ಕಣ್ಣು ಮುಚ್ಚಿದ್ದಳು.